ಟಿವಿಗೊಂದು ಹೋಮ

ಫೆಬ್ರವರಿ 9, ರವಿವಾರ

ಯಾರ ಮುಂದೆಯೂ ಹೇಳುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೇಳಿದರೆ ಸುಮಂಗಲಾ ಟೀಚರಿಗೆ ಅತ್ತೆ ಭಾರವಾಗಿದ್ದಾಳೆ ಎಂದು ಓಣಿಯೆಲ್ಲ ಮಾತಾಡಿಕೊಳ್ಳುತ್ತದೆ.

ಇವರ ತಾಯಿ ಯಮನಮ್ಮನವರು ಕಣ್ಣಿನ ಆಪರೇಷನ್ನಿಗೆಂದು ದೀಪಾವಳಿ ಮುಗಿಸಿಕೊಂಡು ಅರಕೇರಾದಿಂದ ರಾಯಚೂರಿಗೆ ಬಂದರು. ಪೊರೆ ತೆಗೆದದ್ದಾಯಿತು. ಇನ್ನೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದೂ ಆಯಿತು. ಊರಿನ ಮಾತು ಮಾತ್ರ ಎತ್ತುತ್ತಿಲ್ಲ. ಅಲ್ಲಿ ಮೈದುನ ಮಾರೆಪ್ಪನ ಮನೆಯಿದೆ, ಮೊಮ್ಮಕ್ಕಳಿದ್ದಾರೆ. ಯಾವಾಗ ಹೋಗುತ್ತೀರಿ ಎಂದು ಬಾಯಿ ಬಿಟ್ಟು ಕೇಳಲಿಕ್ಕೆ ನನಗೆ ಬರುವುದಿಲ್ಲ. ಮಗ ಕೇಳಬೇಕು. ಆದರೆ ಆ ಮಗ ಮಾಡಿದ್ದೇನು? ನೌಕರಿ ಮಾನ್ವಿಯಲ್ಲಿ, ರೂಮೂ ಅಲ್ಲೇ, ವಾರಕ್ಕೊಮ್ಮೆ ಮುಖ ತೋರಿಸುವ ಕಿರಣಕುಮಾರರು, ತಾಯಿಗೆ ಬೇಸರವಾಗಬಾರದೆಂದು ಮಾನ್ವಿಯ ಅಂಗಡಿಯಿಂದ ಗೋಡೆಯಷ್ಟು ದೊಡ್ಡ ಟಿವಿ ಕೊಂಡು ಕಳಿಸಿದರು. ಕೊಡಿಸಿದ ಪುಣ್ಯ ಅವರಿಗೆ, ಆ ಸದ್ದಿನ ಜೊತೆ ಏಗುವ ಪಾಡು ನನಗೆ.

ಶಾಲೆಯಲ್ಲಿ ದಿನವಿಡೀ ಮಕ್ಕಳ ಗಲಾಟೆ ಕೇಳಿ ಮನೆಗೆ ಬಂದರೆ ಬಾಗಿಲಲ್ಲೇ ಅತ್ತೆ-ಸೊಸೆ ಜಗಳದ ಸೀರಿಯಲ್ಲು.

“ಸೌಂಡ್ ಕಡಿಮಿ ಮಾಡ್ರಿ ಅತ್ತಿ.”

“ಮಾಡೀನಿ ಬೇ. ಅದ ಮತ್ತ ತಾನಾ ಏರಸ್ಕೊಂತದ.”

ತಾನೇ ಏರಿಸಿಕೊಳ್ಳುತ್ತದಂತೆ! ನನ್ನ ಐದನೇ ಕ್ಲಾಸಿನ ಮಕ್ಕಳು ಇದಕ್ಕಿಂತ ಚೆನ್ನಾಗಿ ನೆವ ಹೇಳುತ್ತಾರೆ. ಮೇಲಾಗಿ ಆಸ್ಪತ್ರೆಯಲ್ಲಿ ಕೊಟ್ಟ ಕರಿ ಕನ್ನಡಕ ಹಾಕಿಕೊಂಡೇ ಟಿವಿ ನೋಡುತ್ತಾರೆ. ಪಕ್ಕದ ಮನೆಯ ಶರಣಮ್ಮ ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮರ್ಯಾದೆ ಹೋಗುವುದು ಯಾರದು?

ಫೆಬ್ರವರಿ 16, ರವಿವಾರ

ಇವತ್ತು ಬೇಗ ಎದ್ದಿದ್ದರಿಂದ ಕಣ್ಣಿಗೆ ಬಿತ್ತು. ಯಮನಮ್ಮನವರು ಸ್ನಾನ ಮಾಡಿ ಬಂದು, ಒದ್ದೆ ಬಟ್ಟೆಯಿಂದ ಹೊಸ್ತಿಲು ಒರೆಸಿದ ಹಾಗೆಯೇ ಟಿವಿಯ ಅಂಚು ಒರೆಸಿದರು. ಲೋಬಾನದ ಹೊಗೆ ತೋರಿಸಿದರು. ಆಮೇಲೆ ಚಿಟಿಕೆ ಭಂಡಾರ ತೆಗೆದು ಟಿವಿಯ ನೆತ್ತಿಗೆ ಹಚ್ಚಿದರು. ದೇವರ ಅರಿಶಿಣ, ಟಿವಿಗೆ! ನನಗೆ ಮೈಯೆಲ್ಲ ಉರಿಯಿತು.

“ಏನಿದು ಅತ್ತಿ?”

“ಟಿವಿ ಹಚ್ಚಾಕ ಅಂಗಡಿಯಿಂದ ಬಂದ ಹುಡುಗ ಹೇಳ್ಯಾನಬೇ, ಹೋಮ ಮಾಡ್ರಿ ಅಂತ.”

“ಟಿವಿಗಿ ಹೋಮ?”

“ಹೂಂ. ಹೋಗೋ ಮುಂದ ಚಪ್ಪಲ್ ಮೆಟ್ಕೊಂತ ಎರಡ ಸಲ ಅಂದ. ಮರೀಬ್ಯಾಡ ಯವ್ವಾ, ಹೋಮ ಮಾಡ್ಕೊಳ್ರಿ ಅಂದ. ನಮ್ಮಂಥವರ ಮನಿಗಿ ಹೋಮ ಮಾಡಾಕ ಯಾರ್ ಬರತಾರ? ನನಗ ತಿಳದಷ್ಟ ನಾ ಮಾಡಾಕತ್ತೀನಿ.”

ಒಂದೋ ಆ ಹುಡುಗ ಮುದುಕಿ ಎಂದು ಚೇಷ್ಟೆ ಮಾಡಿದ್ದಾನೆ, ಇಲ್ಲವೇ ಅತ್ತೆಯೇ ಕಟ್ಟಿ ಹೇಳುತ್ತಿದ್ದಾರೆ. ಟಿವಿ ಬಂದ ದಿನ ನಾನು ಶಾಲೆಯಲ್ಲಿದ್ದೆ, ಅತ್ತೆಯೊಬ್ಬರೇ ಮನೆಯಲ್ಲಿದ್ದರು. ಮೂಢನಂಬಿಕೆಯ ಪಾಠವನ್ನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸವೆದಿದೆ. ಮನೆಯಲ್ಲಿ ನೋಡಿದರೆ ಟಿವಿಗೆ ನಿತ್ಯಪೂಜೆ. ಇವರಿಗೆ ಫೋನ್ ಮಾಡಿ ಹೇಳಿದರೆ, “ಇರ್ಲಿ ಬಿಡು, ಅರಿಶಿಣದಿಂದ ಏನ್ ಆಗತದ?” ಎಂದರು. ಈ ಮನುಷ್ಯರಿಗೆ ಯಾವುದರಿಂದಲೂ ಏನೂ ಆಗುವುದಿಲ್ಲ.

ವಸ್ತುವನ್ನು ನೋಡಿಕೊಳ್ಳುವುದು ಹೇಗೆಂದು ನನ್ನನ್ನು ನೋಡಿ ಕಲಿಯಬೇಕು. ಧೂಳು ಕೂರಬಾರದೆಂದು ನಾನೇ ಕ್ರೋಶಾ ಹೆಣೆದು ಟಿವಿಯ ಬೆನ್ನಿಗೆ ಹೊದಿಕೆ ಹಾಕಿದ್ದೇನೆ. ಹಿಂದಿನ ಆ ಅಸಹ್ಯ ಕಿಂಡಿಗಳೆಲ್ಲ ಮುಚ್ಚಿ ಹೋಗಿ ಎಷ್ಟು ಲಕ್ಷಣವಾಗಿ ಕಾಣುತ್ತದೆ.

ಫೆಬ್ರವರಿ 25, ಮಂಗಳವಾರ

ಇವತ್ತಿನ ಹೊಸ ದೂರು: ಟಿವಿಯ ಮೂಲೆಯಲ್ಲಿ ಗಳಿಗೆಗೊಮ್ಮೆ ಕೆಂಪು ಪಟ್ಟಿ ಬಂದು ಹೋಗುತ್ತದಂತೆ. ನಾನು ರೊಟ್ಟಿ ಬಡಿಯುತ್ತಿದ್ದೆ. “ಜಾಹೀರಾತ್ ಅತ್ತಿ” ಎಂದೆ.

“ಎಲ್ಲಾ ಚಾನಲ್‌ದಾಗೂ ಅದಾ ಬರತದ ಬೇ. ಬೆಳಕ ನೋಡಿದ್ರ ಕಣ್ಣ ಕುಕ್ಕತದ. ಒದರೋದ ನೋಡಿದ್ರ ಸಂತ್ಯಾಗಿನ ಬೆಂಡು ಬತ್ತಾಸದವರು ಒದರಿದಂಗ. ಇದಕ್ಕ ತಾ ಇನ್ನಾ ಅಂಗಡ್ಯಾಗ ಅದೀನಿ ಅಂತ ಅನಸ್ಯದ.”

ಟಿವಿಗೆ ಅನಿಸುತ್ತದಂತೆ. ರೊಟ್ಟಿ ಹರಿಯಿತು.

ಮಾರ್ಚ್ 4, ಮಂಗಳವಾರ

ಟಿವಿ ಕೆಟ್ಟಿತು. ನಾನು ಶಾಲೆಯಿಂದ ಬಂದಾಗ ಯಮನಮ್ಮನವರು ಕರ್ರಗಿನ ಪರದೆಯ ಮುಂದೆ ಕೂತಿದ್ದರು. ಒಳಗಿನಿಂದ ಮಾತು ಮಾತ್ರ ಕೇಳುತ್ತಿತ್ತು, ಯಾರೋ ಅಳುತ್ತಿದ್ದರು.

“ದನಿ ಅದ, ಮಾರಿ ಇಲ್ಲ ನೋಡಬೇ” ಎಂದರು.

ಮಾರ್ಚ್ 8, ಶನಿವಾರ

ಅವಮಾನವಾದ ದಿನ.

ನಾಲ್ಕು ಸಲ ಫೋನ್ ಮಾಡಿದ ಮೇಲೆ ಸರ್ವಿಸ್ ಸೆಂಟರಿನವನು ಬಂದ. ಬೂಟು ಬಿಚ್ಚಲಿಲ್ಲ. ಟಿವಿಯ ಅಂಚಿನಲ್ಲಿ ಒದ್ದೆ ಬಟ್ಟೆಯ ನೀರಿಗೆ ಕಲಸಿ ಒಣಗಿದ ಅರಿಶಿಣವನ್ನು ಉಗುರಿನಿಂದ ಕೆರೆದ, ಮೊಬೈಲಿನಲ್ಲಿ ಫೋಟೋ ಹೊಡೆದ. “ಲಿಕ್ವಿಡ್ ಡ್ಯಾಮೇಜ್ ಮೇಡಂ. ನೀರು ಇಳದು ಪ್ಯಾನೆಲ್ ಹೋಗ್ಯದ. ವಾರಂಟಿ ಬರಂಗಿಲ್ಲ” ಎಂದ. ಒಂದು ಸ್ಕ್ರೂ ಕೂಡ ತಿರುಗಿಸಲಿಲ್ಲ. ಪ್ಯಾನೆಲ್ ಅಂದರೆ ಏನು ಎಂದು ಕೇಳಿದರೆ, “ಪ್ಯಾನೆಲ್ ಅಂದ್ರ ಪ್ಯಾನೆಲ್ ಮೇಡಂ” ಎಂದ. ನನಗೆ ಗೊತ್ತಿರುವ ಪ್ಯಾನೆಲ್ ಎಂದರೆ ಸೊಸೈಟಿ ಎಲೆಕ್ಷನ್ನಿನದು ಒಂದೇ.

ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡಿ, “ಅಜ್ಜಿ ಪೂಜಿ ಮಾಡ್ಯಾಳೇನ್ರಿ?” ಎಂದು ಹಲ್ಲು ಕಿರಿದ. ನನಗೆ ಎಲ್ಲಿತ್ತೋ ಸಿಟ್ಟು, ಅವನ ಮುಂದೆಯೇ ಒದರಿಬಿಟ್ಟೆ. “ಬ್ಯಾಡ ಬ್ಯಾಡ ಅಂದ್ರೂ ನೀರ್ ಸವರಿ ಕೆಡಿಸಿಟ್ರಿ! ಮಗ ಆಸಿಪಟ್ಟು ತಂದಿದ್ದ!” ಎಂದೆ. ಇಲ್ಲದ್ದೇನೂ ಹೇಳಲಿಲ್ಲ. ಕಣ್ಣೆದುರಿಗೆ ಕಂಡದ್ದನ್ನೇ ಹೇಳಿದೆ.

ಅತ್ತೆ ಒಳಗೆ ಹೋದರು. ಆ ಒರೆಸುವ ಬಟ್ಟೆಯನ್ನು ತೊಳೆದು, ಹಿಂಡಿ, ಹಿತ್ತಲಲ್ಲಿ ಹರವಿ ಬಂದರು.

ಮಾರ್ಚ್ 9, ರವಿವಾರ

ಅತ್ತೆ ಊರಿಗೆ ಹೋದರು. ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಟು ಕಟ್ಟಿಕೊಂಡು ದೇವದುರ್ಗದ ಬಸ್ಸು ಹತ್ತುವಾಗ ನನ್ನ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲೇ ಹೇಳಿದರು: “ನಾ ಕೆಡಸೀನಿ ಅಂದ ಮನ್ಯಾಗ ನನಗ ನೀರ್ ಇಳಿಯಂಗಿಲ್ಲಬೇ. ಕೆಡಿಸಿಲ್ಲ ಅಂತ ತಿಳದ ದಿನ ಬಂದು ಕುಡೀತೀನಿ.”

ಒಂದು ಟಿವಿಗಾಗಿ ಇಷ್ಟು ದೊಡ್ಡ ಮಾತು! ಹೋಗಲಿ. ಇನ್ನು ಮನೆಯಲ್ಲಿ ಸದ್ದಿರುವುದಿಲ್ಲ.

ಮಾರ್ಚ್ 12, ಬುಧವಾರ

ಸದ್ದಿಲ್ಲ. ಚೆನ್ನಾಗಿದೆ. ಮರೆತು ಇಬ್ಬರಿಗಾಗುವಷ್ಟು ಹಿಟ್ಟು ನಾದಿದೆ. ಹಿಟ್ಟು ದಂಡವಾಯಿತು.

ಮಾರ್ಚ್ 17, ಸೋಮವಾರ

ನಮ್ಮ ಶಾಲೆಯ ವಿಜ್ಞಾನದ ಟೀಚರ್ ತಹಮೀನಾ ಇವತ್ತು ನನ್ನ ಜೊತೆ ಮನೆಗೆ ಬಂದಿದ್ದಳು. ಕೆಟ್ಟ ಟಿವಿಯನ್ನು ನೋಡಿ, “ಕಿಟಕಿ ಹಾಕು, ಪರದೆ ಎಳಿ, ಟಿವಿ ಆನ್ ಮಾಡು” ಎಂದಳು. ಮೊಬೈಲಿನ ಟಾರ್ಚನ್ನು ಟಿವಿಯ ಪರದೆಗೆ ಹತ್ತಿರ ಹಿಡಿದಳು.

“ಈಗ ನೋಡು.”

ಟಾರ್ಚು ಬಿದ್ದ ಅಷ್ಟೇ ಜಾಗದಲ್ಲಿ ಮಸುಕಾಗಿ ಒಂದು ಮುಖ! ಟಾರ್ಚು ಸರಿಸಿದರೆ ಒಂದು ಕೈ, ಬಳೆ, ಬಾಗಿಲು. ಅಷ್ಟು ದಿನ ಆ ಕತ್ತಲಲ್ಲಿ ಎಲ್ಲರೂ ಓಡಾಡಿಕೊಂಡೇ ಇದ್ದರು.

“ಅರೆ, ಪ್ಯಾನೆಲ್ ಜಿಂದಾ ಅದ ಸುಮಂಗಲಾ. ಚಿತ್ರ ಮೂಡಸೋದು ಪ್ಯಾನೆಲ್. ಅದರ ಹಿಂದ ಬೆಳಕ ಕೊಡೋ ಪಟ್ಟಿ ಇರತಾವ, ಅದು ಬ್ಯಾಕ್‌ಲೈಟ್. ಹೋಗಿದ್ದು ಅದು. ಪ್ಯಾನೆಲ್‌ಗೆ ನೀರ್ ಇಳದಿದ್ರ ಗೆರಿ ಬರತಿದ್ವು, ಕಲಿ ಬೀಳತಿತ್ತು. ನಿಮ್ಮತ್ತಿ ಬಟ್ಟಿಂದ ಆಗಿದ್ದಲ್ಲ ಇದು.”

ದನಿ ಅದ, ಮಾರಿ ಇಲ್ಲ. ಹಾಗಾದರೆ ಮಾರಿಯೂ ಇತ್ತು!

ಒಂದು ಟಾರ್ಚು ಹಿಡಿದಿದ್ದರೆ ತಿಳಿಯುತ್ತಿದ್ದ ಸಂಗತಿ. ಆ ಬೂಟಿನವನು ಬಾಯಿಗೆ ಬಂದದ್ದನ್ನು ಹೇಳಿ, ವಯಸ್ಸಾದ ಹೆಣ್ಣುಮಗಳ ಮೇಲೆ ತಪ್ಪು ಹೊರಿಸಿ ಹೋದ. ಮನೆಮಂದಿಯ ಮುಂದೆ ಹೀಗಾ ಒಬ್ಬರನ್ನು ಅವಮಾನ ಮಾಡುವುದು? ಮನುಷ್ಯರಾ ಇವರು? ನಾನು ಇದನ್ನು ಇಲ್ಲಿಗೇ ಬಿಡುವವಳಲ್ಲ.

ಮಾರ್ಚ್ 20, ಗುರುವಾರ

ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಹಾಡು ಕೇಳಿ. ಕಡೆಗೆ ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳು ಸಿಕ್ಕಳು. ಬ್ಯಾಕ್‌ಲೈಟ್ ಹೋಗಿದೆ, ಪ್ಯಾನೆಲ್ ನೆಟ್ಟಗಿದೆ ಎಂದು ಕಲಿತ ಶಬ್ದಗಳನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಆಕೆ ಕೇಳಿದಳು: “ಮೇಡಂ, ಫಸ್ಟ್ ದಿನಾನೇ ಹೋಮ್ ಮೋಡ್ ಮಾಡಿದ್ರಾ?”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಇನ್ನೊಮ್ಮೆ ಹೇಳವ್ವಾ. ಏನ್ ಮಾಡಿದ್ರಾ ಅಂದಿ?”

“ಹೋಮ್ ಮೋಡ್ ಮೇಡಂ. ಹೋಮ್ ಮೋಡ್ ಮಾಡ್ಕೋಬೇಕು.”

ಹೋಮ ಮಾಡ್ಕೊಳ್ರಿ. ದೇವರೇ, ಟಿವಿ ಹಚ್ಚಲು ಬಂದ ಹುಡುಗ ಹೇಳಿದ್ದು ನಿಜ! ಚಪ್ಪಲಿ ಮೆಟ್ಟುತ್ತ ಎರಡು ಸಲ ಹೇಳಿದ್ದು ನಿಜ!

ಆಕೆ ಬಿಡಿಸಿ ಹೇಳಿದಳು. ಟಿವಿಯಲ್ಲಿ ಅಂಗಡಿಗೊಂದು, ಮನೆಗೊಂದು ಎಂದು ಎರಡು ಹದ ಇರುತ್ತವೆ. ಅಂಗಡಿಯದ್ದು ಗಿರಾಕಿಯ ಕಣ್ಣು ಸೆಳೆಯಲಿಕ್ಕೆ. ಬೆಳಕು ಪೂರ್ತಿ ಏರಿಸಿರುತ್ತದೆ. ಸೌಂಡು ಇಳಿಸಿದರೆ ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಏರುತ್ತದೆ. ಟಿವಿಯ ಗುಣಗಾನ ಮಾಡುವ ಪಟ್ಟಿ ಮೂಲೆಯಲ್ಲಿ ಬಂದು ಹೋಗುತ್ತಿರುತ್ತದೆ. ಮನೆಗೆ ತಂದ ದಿನವೇ ಅದನ್ನು ಮನೆಯ ಹದಕ್ಕೆ ತರಬೇಕು, ಇಲ್ಲದಿದ್ದರೆ ತಿಂಗಳುಗಟ್ಟಲೆ ಉರಿದು ಉರಿದು ಬ್ಯಾಕ್‌ಲೈಟ್ ಸುಟ್ಟು ಹೋಗುತ್ತದೆ. ಅದನ್ನು ಮಾಡುವುದು ಕೂಡಿಸಲು ಬಂದವನ ಕೆಲಸ.

ಇದಕ್ಕ ತಾ ಇನ್ನಾ ಅಂಗಡ್ಯಾಗ ಅದೀನಿ ಅಂತ ಅನಸ್ಯದ. ಅತ್ತೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟೇ. ಈ ಮನೆಯಲ್ಲಿ ಇವರ ಗಮನವೆಲ್ಲ ಎಲ್ಲಿರುತ್ತದೋ!

“ಹಿಂದಿನ ವೆಂಟ್ ಮುಚ್ಚೋ ಹಾಗೆ ಬಟ್ಟೆ ಏನಾದ್ರೂ ಹಾಕಿದ್ರಾ ಮೇಡಂ? ಬಿಸಿಗಾಳಿ ಹೊರಗೆ ಹೋಗ್ಬೇಕು” ಎಂದೂ ಕೇಳಿದಳು. ಸಂಬಂಧವಿಲ್ಲದ ಪ್ರಶ್ನೆ. ಉತ್ತರ ಕೊಡಲಿಲ್ಲ. ಕ್ರೋಶಾ ಹೊದಿಕೆ ಒಗೆಯುವುದಿತ್ತು, ತೆಗೆದೆ.

ಆಮೇಲೆ ಮಾನ್ವಿಯ ಅಂಗಡಿಯ ವಿರೂಪಣ್ಣನಿಗೆ ಫೋನ್ ಮಾಡಿ, ಕೆಂಪು ಪಟ್ಟಿಯ ಸಂಗತಿಯನ್ನೂ ಹೇಳಿದೆ. “ನಮ್ಮ ವಿನೋದ ಎಲ್ಲಾ ಸೆಟ್ ಮಾಡೇ ಬಂದಾನ್ರೀ ಟೀಚರ್. ನಿಮ್ಮತ್ತಿ ಅರಿಶಿಣ ಸವರಿ ಕೆಡಿಸ್ಯಾರಂತ ಸರ್ವಿಸ್‌ನವರು ಫೋಟೋ ಕಳಿಸ್ಯಾರ. ಮೂಲ್ಯಾಗ ಪಟ್ಟಿ ಬರತಿತ್ತಂತ ನೀವು ನೋಡೀರೇನು?” ಎಂದ.

ನಾನು ನೋಡಿರಲಿಲ್ಲ. ನಾನು ಟಿವಿ ನೋಡುವವಳಲ್ಲ. ನೋಡಿದವರು ಅರಕೇರಾದಲ್ಲಿದ್ದಾರೆ.

ಮಾರ್ಚ್ 23, ರವಿವಾರ

ಅತ್ತೆಯನ್ನು ಅಂಗಡಿಗೆ ಕರೆತರುತ್ತೇನೆಂದರೆ ಇವರು ಬೇಡವೆಂದರು. “ಇಷ್ಟಕ್ಕ ಅವ್ವನ ಯಾಕ ಎಳದಾಡತಿ? ರಿಪೇರಿ ಮಾಡಸಿದ್ರ ಆತು” ಎಂದರು. ಹೆತ್ತ ತಾಯಿಯ ಮೇಲೆ ಬಂದ ಮಾತು ಇವರಿಗೆ ‘ಇಷ್ಟು’. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ದೇವದುರ್ಗದಲ್ಲಿ ಬಸ್ಸು ಬದಲಿಸಿ ಅರಕೇರಾ ಮುಟ್ಟುವಾಗ ಬಿಸಿಲು ನೆತ್ತಿಯ ಮೇಲಿತ್ತು.

ಅತ್ತೆ ಮಾರೆಪ್ಪನ ಮನೆಯ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಮೊದಲು ಒಂದು ತಂಬಿಗೆ ನೀರು ತಂದಿಟ್ಟರು. ನಾನು ಗಟಗಟ ಕುಡಿದೆ.

“ಅವ ಹೋಮ ಮಾಡ್ರಿ ಅಂದಿದ್ದು ಖರೇನ ಅತ್ತಿ. ಅಂಗಡಿಗಿ ಬಂದು ಹೇಳ್ಬೇಕು ನೀವು.”

ಮೊರ ಕೆಳಗಿಟ್ಟರು. “ಹಂಗಾರ ನಾ ಕೆಡಿಸಿಲ್ಲ?”

“ಇಲ್ಲ.”

“ಇದನ್ನ ಆ ಬೂಟಿನವನ ಮುಂದ ಹೇಳತೀ? ಬೈದಿದ್ದು ಅವನ ಮುಂದ.”

“ಹೇಳತೀನಿ.”

ಅತ್ತೆ ಮತ್ತೆ ಮೊರ ಎತ್ತಿಕೊಂಡು ಕೇರತೊಡಗಿದರು. ಕಣ್ಣಿಗೆ ಹೊಟ್ಟು ಸಿಡಿದಿರಬೇಕು, ನನಗೆ ನೀರು ಬಂತು.

ಮಾರ್ಚ್ 24, ಸೋಮವಾರ

ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಅರಕೇರಾದಿಂದ ನೇರವಾಗಿ ಮಾನ್ವಿಗೆ ಬಂದೆ. ಇವರನ್ನೂ ಆಫೀಸಿನಿಂದ ಅಂಗಡಿಗೆ ಕರೆಸಿದೆ. ವಿರೂಪಣ್ಣ ತಂಪು ಪಾನೀಯ ತರಿಸಲು ಹೊರಟ. ಬೇಡವೆಂದೆ.

“ಅಮ್ಮಾರಿಗೆ ವಯಸ್ಸಾಗ್ಯದ, ಏನೋ ಕೇಳಿಸ್ಕೊಂಡಾರ” ಎಂದು ಅವನು ಶುರು ಮಾಡುವಷ್ಟರಲ್ಲಿ, ಅತ್ತೆ ಗೋಡೆಯ ತುಂಬ ಉರಿಯುತ್ತಿದ್ದ ಟಿವಿಗಳ ಮುಂದೆ ಹೋಗಿ ನಿಂತಿದ್ದರು. ಕರಿ ಕನ್ನಡಕ ಹಾಕಿಕೊಂಡು ಕೈ ಚಾಚಿದರು.

“ಅದ! ಅದ ನೋಡಬೇ! ಆ ಕೆಂಪ ಪಟ್ಟಿ. ನಮ್ಮ ಟಿವ್ಯಾಗ ಇದಾ ಬರತಿತ್ತು!”

ಅಂಗಡಿಗೆ ಬಂದಿದ್ದ ಗಿರಾಕಿಗಳು ತಿರುಗಿ ನೋಡಿದರು. ವಿರೂಪಣ್ಣ ಗಡಿಬಿಡಿಯಲ್ಲಿ ವಿನೋದನನ್ನು ಕರೆದ. “ನೀ ಇವರ ಮನ್ಯಾಗ ಹೋಮ್ ಮೋಡ್ ಮಾಡಿ ಬಂದಿಲ್ಲೇನಲೇ?” ಎಂದು ಕೇಳಿದ.

“ಹೋಮ್ ಮೋಡ್ ಮಾಡ್ಕೊಳ್ರಿ ಅಂತ ಹೇಳೇ ಬಂದೀನಣ್ಣಾ” ಎಂದ ವಿನೋದ. “ಇನ್ನಾ ಎರಡ ಮನಿಗೆ ಹೋಗೋದಿತ್ತು. ಈ ಅಮ್ಮಗೇ ಎರಡ ಸಲ ಹೇಳೀನಿ.”

“ಕೇಳಿದ್ರೇನು?” ಅತ್ತೆ ಸೊಂಟದ ಮೇಲೆ ಕೈಯಿಟ್ಟರು. “ಹೋಮ ಮಾಡ್ಕೊಳ್ರಿ ಅಂದಾನ! ನಾ ದಿನಾ ಭಂಡಾರ ಹಚ್ಚಿ ಲೋಬಾನ ಹಾಕೀನಿ!”

ಎಲ್ಲರೂ ಗೊಳ್ಳೆಂದು ನಕ್ಕರು. ಇವರೂ ನಕ್ಕರು, ಸ್ವಂತ ಮಗ! ನನಗೆ ತಡೆಯಲಾಗಲಿಲ್ಲ.

“ಯಾಕ ನಗತೀರಿ?” ಎಂದೆ. ನನ್ನ ದನಿ ರಸ್ತೆಗೆ ಕೇಳಿಸಿರಬೇಕು. “ಮಾಡೋ ಕೆಲಸ ನಿಮ್ಮದು, ಅದನ್ನ ಆಕಿಗಿ ಹೇಳಿ ಕೈತೊಳಕೊಂಡು ಬಂದೀರಿ. ಹೇಳೋದರ ತಿಳಿಯಂಗ ಹೇಳೀರೇನು? ಮನಿ ಅನ್ನೋ ಶಬ್ದ ಇಲ್ಲೇನ್ರೀ ನಮಗ? ಮನಿ ಅಂದಿದ್ರ ಆಕಿಗಿ ತಿಳೀತಿತ್ತು. ನೀವು ಹೋಮ ಅಂದ್ರಿ, ಆಕಿ ಹೋಮ ಮಾಡಿದ್ಲು. ನೀವು ಹೇಳಿದ್ದನ್ನ ನಿಷ್ಠೆಯಿಂದ ಮಾಡಿದಾಕಿ ಆಕಿ ಒಬ್ಬಾಕೀನ!”

ನಗು ನಿಂತಿತು. ವಿರೂಪಣ್ಣ ಅಲ್ಲೇ ಕುಳಿತು ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ. ತಪ್ಪು ನಮ್ಮ ಹುಡುಗನದು, ಬಿಚ್ಚಿ ನೋಡಿ ವಾರಂಟಿಯಲ್ಲಿ ಮಾಡಿಕೊಡಿ ಎಂದ. ಅತ್ತೆ ರಾಯಚೂರಿಗೆ ಬರಲೊಲ್ಲೆ ಎಂದು ಅರಕೇರಾಕ್ಕೇ ಹೋದರು. ಬೂಟಿನವನು ಬರುವ ದಿನ ತಿಳಿಸಬೇಕಂತೆ.

ಮಾರ್ಚ್ 30, ರವಿವಾರ

ಯುಗಾದಿ. ಇವರು ಅರಕೇರಾಕ್ಕೆ ಹೋಗಿದ್ದಾರೆ. ಸರ್ವಿಸ್ ಸೆಂಟರಿನವರು ಇವತ್ತು ನಾಳೆ ಎನ್ನುತ್ತಿದ್ದರೆಂದು ನಾನು ಇಲ್ಲೇ ಉಳಿದೆ. ಹಬ್ಬದ ದಿನ ಯಾವನು ಬರುತ್ತಾನೆ? ಬೇವು ಬೆಲ್ಲ ಒಬ್ಬಳೇ ತಿಂದೆ. ಬೇವೇ ಹೆಚ್ಚಾಗಿತ್ತು.

ಏಪ್ರಿಲ್ 5, ಶನಿವಾರ

ಅತ್ತೆ ಮುಂಜಾನೆಯೇ ಬಂದರು. ಒಳಗೆ ಕಾಲಿಡಲಿಲ್ಲ. ಶರಣಮ್ಮನ ಕಟ್ಟೆಯ ಮೇಲೆ ಕುಳಿತು ಅವಳ ಮನೆಯ ನೀರೇ ಕುಡಿದರು. ನಾನು ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತೆ. ಶರಣಮ್ಮನ ಮುಖದಲ್ಲಿದ್ದ ಹಿಗ್ಗು ನೋಡಬೇಕಿತ್ತು.

ಬೂಟಿನವನು ಬಂದ. ಇವತ್ತು ಬೂಟು ಬಿಚ್ಚಿಸಿದೆ. ಟಿವಿ ಬೋರಲು ಮಲಗಿಸಿ ಬೆನ್ನು ಬಿಚ್ಚುವ ಹೊತ್ತಿಗೆ ಅತ್ತೆಯನ್ನು ಕೈ ಹಿಡಿದು ಒಳಗೆ ಕರೆತಂದೆ. ಶರಣಮ್ಮನೂ ಹಿಂದೆಯೇ ಬಂದಳು. ಒಳಗೆಲ್ಲ ಒಣಒಣ. ಬೆಳಕಿನ ಪಟ್ಟಿಯಲ್ಲಿ ಮಾತ್ರ ಸಾಲಾಗಿ ಸುಟ್ಟ ಕಲೆ.

“ನೀರ್ ಎಲ್ಲಿ ಅದ ತೋರಸ್ರಿ” ಎಂದೆ.

“ಇಲ್ರಿ ಮೇಡಂ.”

“ಹಂಗಾರ ಯಾರು ಕೆಡಿಸಿಲ್ಲ?”

ಅವನು ತಲೆ ಕೆರೆದುಕೊಂಡ. “ಅಜ್ಜಿ ಕೆಡಿಸಿಲ್ರಿ.”

ನಾನೂ ಅವನ ಮುಂದೆ, ಶರಣಮ್ಮನ ಮುಂದೆ, ಗಟ್ಟಿಯಾಗಿ ಹೇಳಿದೆ. “ನಮ್ಮತ್ತಿ ಟಿವಿ ಕೆಡಿಸಿಲ್ಲ. ಆಕಿ ಹೇಳಿದ್ದನ್ನ ನಾ ಕೇಳಲಿಲ್ಲ.” ಅವನಿಗೆ ನಾಚಿಕೆಯಾಗಲಿ ಎಂದೇ ಹೇಳಿದ್ದು.

ಹೊಸ ಪಟ್ಟಿ ಹಾಕಿ ಟಿವಿ ಹಚ್ಚಿದಾಗ ಪರದೆಯ ಮೇಲೆ ಮನೆಗೊಂದು, ಅಂಗಡಿಗೊಂದು ಎಂದು ಎರಡು ಚೌಕ ಬಂದವು. ಅವನು ರಿಮೋಟ್ ಎತ್ತಿಕೊಂಡ. ಕಸಿದುಕೊಂಡು ಅತ್ತೆಯ ಕೈಗೆ ಕೊಟ್ಟೆ.

“ಯಾವದಬೇ ಮನಿ?”

“ಎಡಕಿನದು ಅತ್ತಿ.”

ಒತ್ತಿದರು. ಕಣ್ಣು ಕುಕ್ಕದ, ಹದವಾದ ಬೆಳಕು ಬಂತು. ಅತ್ತೆ ಕರಿ ಕನ್ನಡಕ ತೆಗೆದು ಮಡಚಿ, ಸ್ವಲ್ಪ ಹೊತ್ತು ನೋಡಿದರು.

“ಈಗ ತಿಳೀತ ನೋಡು ಇದಕ್ಕ” ಎಂದರು. ಆಮೇಲೆ ಚಾಪೆಯ ಮೇಲೆ ಕುಳಿತು, “ನೀರ್ ಕೊಡಬೇ” ಎಂದರು.

ಏಪ್ರಿಲ್ 13, ರವಿವಾರ

ಟಿವಿ ಒರೆಸಲು ಮೆತ್ತನೆಯ ಒಣ ಬಟ್ಟೆ ಹೊಲಿದು ಕೊಟ್ಟಿದ್ದೇನೆ. ಭಂಡಾರ ಟಿವಿಗಲ್ಲ, ಅದಿರುವ ಟೇಬಲ್ಲಿಗೆ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಕ್ರೋಶಾ ಹೊದಿಕೆ ಈಗ ಮಿಕ್ಸಿಯ ಮೇಲಿದೆ. ಅದಕ್ಕೇ ಒಪ್ಪುತ್ತದೆ.

ಆದರೆ ಈ ಮನು‌ಷ್ಯರಿಗೆ ಏನು ಹೇಳುವುದು? ಮುಂಜಾನೆ ಚಹಾ ಕುಡಿಯುತ್ತ, “ಕಣ್ಣ ಸುದ್ದ ಆತಲ್ಲ, ಮುಂದಿನ ವಾರ ಅವ್ವನ ಅರಕೇರಾಕ್ಕ ಬಿಟ್ಟು ಬರ್ಲೇನು? ನಿನಗೂ ತ್ರಾಸ” ಎಂದರು. ನನಗೆ ತ್ರಾಸ! ಯಾರು ಹೇಳಿದರು? ನಾನು ಯಾವತ್ತಾದರೂ ಹಾಗೆ ಅಂದದ್ದುಂಟಾ? ಈ ಡೈರಿಯ ಹಾಳೆ ಹಾಳೆ ತಿರುವಿದರೂ ಅಂಥ ಮಾತು ಸಿಕ್ಕಲಿಕ್ಕಿಲ್ಲ. ಚಹಾದ ಕಪ್ಪು ಅರ್ಧಕ್ಕೇ ಎತ್ತಿಕೊಂಡು ಬಂದೆ.

ಇನ್ನೂ ಬರೆಯುವುದಿತ್ತು. ಅತ್ತಿ ಕೂಗುತ್ತಿದ್ದಾಳೆ, “ಬಾರಬೇ, ಸುರು ಆತು. ಸೌಂಡ್ ಒಂದೀಟ ಏರಸು, ಕೇಳವಲ್ದು.”

ಹೋಗಿ ಏರಿಸಬೇಕು.